ಪ್ಯಾಡ್ ಬಿಚ್ಚಿದರೆ ಕಾಣುವ ಪೈಪೋಟಿ: ಯಾರು ಯಾರದ್ದನ್ನು ನಕಲು ಮಾಡಿದರು?

ಪ್ರಶ್ನೆ: ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನದೊಂದು ಮೊಬೈಲ್, ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಇದೆ. ಇತ್ತೀಚೆಗೆ ಗೇಮ್ ಪ್ಯಾಡ್‌ಗಳು ಹೆಚ್ಚು ಬರುತ್ತಿವೆ. ಕಾಲೇಜು ಹುಡುಗರದ್ದು ಕೆಲವು, ಸಕಲೇಶಪುರ, ಬೇಲೂರು ಕಡೆಯ ತೋಟದ ಮನೆಗಳದ್ದು ಕೆಲವು. ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ, ಚೀನಾ ಮಾಲು, ಯಾವುದನ್ನು ಬಿಚ್ಚಿದರೂ ಒಳಗೆ ಹೆಚ್ಚುಕಡಿಮೆ ಒಂದೇ ಥರ. ಇವರಲ್ಲಿ ಯಾರು ಯಾರದ್ದನ್ನು ಕದ್ದರು? ದೊಡ್ಡವರು ಮಾಡಿದರೆ ಪೈಪೋಟಿ, ಚಿಕ್ಕವರು ಮಾಡಿದರೆ ಡೂಪ್ಲಿಕೇಟು ಅನ್ನುವುದು ಸರಿಯೇ? ಕಂಪನಿಯದ್ದಲ್ಲದ ಬಿಡಿಭಾಗ ಹಾಕಿಕೊಟ್ಟರೆ, ‘ಹತ್ತು ಸಾವಿರ ಗೇಮ್’ ತುಂಬಿದ, ಟಿವಿಗೆ ಚುಚ್ಚಿ ಆಡುವ ಸ್ಟಿಕ್ ಮಾರಿದರೆ ನನಗೇನಾದರೂ ತೊಂದರೆ ಇದೆಯೇ?

ಉತ್ತರ: ನಕಲು ಮಾಡದ ಕಂಪನಿ ಈ ಸಾಲಿನಲ್ಲಿ ಒಂದೂ ಇಲ್ಲ. ಆದರೆ ಯಾವುದನ್ನು ನಕಲು ಮಾಡಿದರು ಅನ್ನುವುದು ಮುಖ್ಯ. ‘ಹೆಬ್ಬೆರಳಿನಿಂದ ದಿಕ್ಕು ಒತ್ತುವುದು’, ‘ಕೈಯಲ್ಲಿ ಪ್ಯಾಡ್ ನಡುಗುವುದು’ ಇಂಥ ಐಡಿಯಾಗಳು ಯಾರಪ್ಪನ ಮನೆ ಆಸ್ತಿಯೂ ಅಲ್ಲ. ಕಾನೂನು ಕಾಯುವುದು ಬೇರೆ ಸಂಗತಿಗಳನ್ನು: ಆ ಕೆಲಸ ಮಾಡುವ ನಿರ್ದಿಷ್ಟ ಯಂತ್ರರಚನೆಗೆ ಪೇಟೆಂಟ್, ಬರೆದ ಕೋಡ್‌ಗೆ ಕಾಪಿರೈಟ್, ಹೆಸರು ಮತ್ತು ಗುರುತಿಗೆ ಟ್ರೇಡ್‌ಮಾರ್ಕ್. ಹೊರಗಿನ ವಿನ್ಯಾಸಕ್ಕೂ ಬೇರೆ ನೋಂದಣಿ ಉಂಟು. ಹೀಗಾಗಿ ಕನ್ಸೋಲ್ (ಆಟದ ಯಂತ್ರ) ಕಂಪನಿಗಳು ಮೂವತ್ತು ನಲವತ್ತು ವರ್ಷಗಳಿಂದ ಒಂದೇ ಐಡಿಯಾವನ್ನು ಬೇರೆ ಬೇರೆ ರಚನೆಯಲ್ಲಿ ಮಾಡುತ್ತಾ ಬಂದಿವೆ. ನೀವು ಸ್ಕ್ರೂಡ್ರೈವರ್ ಹಿಡಿಯುವವರಾದ್ದರಿಂದ ಇದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ನಿಮ್ಮ ಮೇಜಿನ ಮೇಲೆಯೇ ನೋಡಬಹುದು.

ದಿಕ್ಕಿನ ಬಟನ್ನಿನಿಂದ ಶುರು ಮಾಡೋಣ. ಕೂಡಿಸುವ ಚಿಹ್ನೆಯ ಆಕಾರದ ಆ ಬಟನ್ನನ್ನು ರೂಪಿಸಿದವರು ನಿಂಟೆಂಡೊದ ಗುನ್‌ಪೇ ಯೊಕೊಯಿ. 1982ರಲ್ಲಿ ಬಂದ ಅಂಗೈ ಅಗಲದ ಡಾಂಕಿ ಕಾಂಗ್ ಆಟದ ಯಂತ್ರದಲ್ಲಿ ಅದು ಮೊದಲು ಕಾಣಿಸಿತು. ಮಾರನೇ ವರ್ಷ ಫ್ಯಾಮಿಕಾಮ್ ಕನ್ಸೋಲ್‌ಗೂ ಅದನ್ನೇ ತಂದರು. ಈ ಬಗೆಯ ಸ್ವಿಚ್ಚಿಗೆ ನಿಂಟೆಂಡೊ ಅಮೆರಿಕದಲ್ಲಿ 1985ರಲ್ಲಿ ಅರ್ಜಿ ಹಾಕಿ 1987ರಲ್ಲಿ ಪೇಟೆಂಟ್ ಪಡೆಯಿತು. 2005ರಲ್ಲಿ ಅದರ ಅವಧಿ ಮುಗಿಯಿತು. ಆ ನಡುವಿನ ವರ್ಷಗಳ ಪ್ಯಾಡ್‌ಗಳನ್ನು ಸಾಲಾಗಿ ಇಟ್ಟು ನೋಡಿ. ಇನ್ನೊಂದು ಕನ್ಸೋಲ್ ಕಂಪನಿ ಸೆಗಾದ ಮೆಗಾ ಡ್ರೈವ್‌ನಲ್ಲಿ ದುಂಡನೆಯ ತಟ್ಟೆ, ಅದರ ಮೇಲೆ ಉಬ್ಬಿದ ದಿಕ್ಕುಗಳು. ಮೈಕ್ರೋಸಾಫ್ಟ್‌ನ 2001ರ ಮೊದಲ ಎಕ್ಸ್‌ಬಾಕ್ಸ್‌ನಲ್ಲೂ ತಟ್ಟೆಯೇ. ಸೋನಿ ಪ್ಲೇಸ್ಟೇಷನ್‌ನಲ್ಲಿ ಮೇಲಿನಿಂದ ನಾಲ್ಕು ಬಿಡಿ ಬಟನ್ ಕಾಣುತ್ತವೆ, ನಡುವೆ ಕವಚದ ಪ್ಲಾಸ್ಟಿಕ್ ಇರುತ್ತದೆ. ಬಿಚ್ಚಿದರೆ ಕೆಳಗೆ ನಾಲ್ಕೂ ಸೇರಿ ಒಂದೇ ತುಂಡು. ಮೈಕ್ರೋಸಾಫ್ಟ್ ಬರಿಯ ಕೂಡಿಸುವ ಚಿಹ್ನೆಯನ್ನು ತನ್ನ ಮುಖ್ಯ ಪ್ಯಾಡ್‌ಗೆ ಹಾಕಿದ್ದು 2013ರ ಎಕ್ಸ್‌ಬಾಕ್ಸ್ ಒನ್‌ನಲ್ಲಿ.

ಈ ರಚನೆಯ ಜೀವ ಇರುವುದು ನಡುವಿನ ಗುಬುಟಿನಲ್ಲಿ. ಬಟನ್ನಿನ ಕೆಳಗೆ, ಸರಿಯಾಗಿ ಮಧ್ಯದಲ್ಲಿ, ಒಂದು ಸಣ್ಣ ಉಬ್ಬು ಇರುತ್ತದೆ. ಬಟನ್ ಅದರ ಮೇಲೆ ಏತದ ಹಾಗೆ ವಾಲುತ್ತದೆ, ಎಡಕ್ಕೆ ಒತ್ತಿದರೆ ಬಲ ಏಳಲೇಬೇಕು. ಅಗ್ಗದ ಪ್ಯಾಡ್‌ಗಳಲ್ಲಿ ಈ ಉಬ್ಬು ಗಿಡ್ಡ, ಕೆಲವದರಲ್ಲಿ ಇರುವುದೇ ಇಲ್ಲ. ಆಗ ಇಡೀ ಬಟನ್ ಕೆಳಗೆ ಕುಸಿದು ಎಡ ಬಲ ಎರಡೂ ಒಟ್ಟಿಗೆ ಹೊಡೆಯುತ್ತವೆ, ಅಥವಾ ನೇರ ಒತ್ತಿದರೂ ಓರೆ ದಿಕ್ಕು ದಾಖಲಾಗುತ್ತದೆ. ‘ಪಾತ್ರ ತಾನೇ ನೆಗೆಯುತ್ತೆ, ಕೂರುತ್ತೆ’ ಅಂತ ಗಿರಾಕಿ ಹೇಳಿದರೆ ಮೊದಲು ಇಲ್ಲಿ ನೋಡಿ. ಉಬ್ಬು ಗಿಡ್ಡವಿದ್ದರೆ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಬಿಲ್ಲೆಯನ್ನು ಅದರ ತುದಿಗೆ ಅಂಟಿಸಿ ಪರೀಕ್ಷಿಸಿ. ಹೆಚ್ಚಾದರೆ ಬಟನ್ ಗಟ್ಟಿಯಾಗಿ ಯಾವ ದಿಕ್ಕೂ ತಾಗುವುದಿಲ್ಲ, ಆಗ ತೆಳುವಾದದ್ದು ಹಾಕಿ. ಉಬ್ಬು ಸರಿಯಿದ್ದೂ ಓರೆ ದಿಕ್ಕು ಬರುತ್ತಿದ್ದರೆ ಬೋರ್ಡಿನ ಕಾರ್ಬನ್ ಸಂಪರ್ಕಗಳ ಅಂಚಿಗೆ ಕಾಪ್ಟನ್ ಟೇಪಿನ ಸಣ್ಣ ಪಟ್ಟಿ ಅಂಟಿಸಿ, ತಾಗುವ ಜಾಗ ಕಡಿಮೆ ಮಾಡಿ.

ಒತ್ತಿದರೂ ದಾಖಲಾಗದ ಬಟನ್ನಿನ ಕಥೆ ಬೇರೆ. ರಬ್ಬರ್ ಹಾಳೆಯ ಕೆಳಗಿನ ಕಪ್ಪು ಕಾರ್ಬನ್ ಬಿಲ್ಲೆಯನ್ನು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಕೆಲವು ನೂರು ಓಮ್ ಒಳಗಿದ್ದರೆ ಸರಿ, ಹಲವು ಕಿಲೋ ಓಮ್ ತೋರಿಸಿದರೆ ಸವೆದಿದೆ ಎಂದರ್ಥ. ರಬ್ಬರನ್ನು ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಆಲ್ಕೋಹಾಲ್ ಹಾಕಿ ಉಜ್ಜಿದರೆ ಉಳಿದ ಕಾರ್ಬನ್ನೂ ಎದ್ದು ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಬೋರ್ಡಿಗೆ ಮಾತ್ರ ಇರಲಿ. ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಿಂದ ಮಳೆಗಾಲ ಮುಗಿದ ಮೇಲೆ ಬರುವ ಪ್ಯಾಡ್‌ಗಳಲ್ಲಿ ಸವೆತಕ್ಕಿಂತ ತೇವದ ಕೆಲಸವೇ ಜಾಸ್ತಿ ಇರುತ್ತದೆ: ಬ್ಯಾಟರಿ ಕನೆಕ್ಟರ್ ಹಸಿರಾಗಿರುತ್ತದೆ, ರಬ್ಬರಿನ ಕೆಳಗೆ ಬಿಳಿ ಪೊರೆ ಕಟ್ಟಿರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಲು ಗಿರಾಕಿಗೆ ಹೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಷ್ಟು ಮಾಡಿದರೂ ಸಾಕು.

ಇನ್ನು ಬಲಗೈಯ ನಾಲ್ಕು ಬಟನ್‌ಗಳ ವಜ್ರಾಕೃತಿ ಮತ್ತು ಮೇಲಂಚಿನ ಎಡ ಬಲ ಬಟನ್‌ಗಳು. ಎರಡೂ ನಿಂಟೆಂಡೊದ 1990ರ ಸೂಪರ್ ಫ್ಯಾಮಿಕಾಮ್‌ನಿಂದ ಬಂದವು. ಸೋನಿ 1994ರಲ್ಲಿ ಅಂಚಿನ ಬಟನ್‌ಗಳನ್ನು ಎರಡರಿಂದ ನಾಲ್ಕು ಮಾಡಿತು, ಮೈಕ್ರೋಸಾಫ್ಟ್ ಅದೇ ದಾರಿಯಲ್ಲಿ ನಡೆಯಿತು. ಸೋನಿಗೆ ನಿಂಟೆಂಡೊ ಪ್ಯಾಡ್ ಅಷ್ಟು ಚೆನ್ನಾಗಿ ಗೊತ್ತಿದ್ದುದಕ್ಕೆ ಕಾರಣವಿದೆ. ಸೂಪರ್ ಫ್ಯಾಮಿಕಾಮ್‌ನ ಧ್ವನಿ ಚಿಪ್ಪನ್ನು ಮಾಡಿಕೊಟ್ಟದ್ದೇ ಸೋನಿಯ ಕೆನ್ ಕುಟರಾಗಿ. ಆ ಯಂತ್ರಕ್ಕೆ ಸೀಡಿ ಓದುವ ಭಾಗ ಸೇರಿಸಲು ಎರಡೂ ಕಂಪನಿಗಳ ನಡುವೆ ಒಪ್ಪಂದವಿತ್ತು. 1991ರ ಜೂನ್‌ನಲ್ಲಿ ಶಿಕಾಗೋದ ಪ್ರದರ್ಶನದಲ್ಲಿ ಸೋನಿ ತನ್ನ ಯಂತ್ರವನ್ನು ಪ್ರಕಟಿಸಿತು. ಮಾರನೇ ದಿನವೇ ನಿಂಟೆಂಡೊ ತಾನು ಫಿಲಿಪ್ಸ್ ಜೊತೆ ಹೋಗುವುದಾಗಿ ಘೋಷಿಸಿತು. ಆ ಮುರಿದ ಸಂಬಂಧದಿಂದ ಹುಟ್ಟಿದ್ದು 1994ರ ಡಿಸೆಂಬರ್ 3ರಂದು ಜಪಾನಿನಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್. ಹಾಗಾಗಿ ಸೋನಿ ಪ್ಯಾಡಿನಲ್ಲಿ ನಿಂಟೆಂಡೊ ಛಾಯೆ ಕಂಡರೆ ಅದನ್ನು ಹೊರಗಿನವರ ಕಳ್ಳತನ ಅನ್ನುವುದಕ್ಕಿಂತ ಪಾಲಾದ ಮನೆಯ ಹೋಲಿಕೆ ಅನ್ನುವುದೇ ಹೆಚ್ಚು ನಿಜ.

ಈಗ ನಿಮ್ಮ ಅಂಗಡಿಗೆ ಅತಿ ಹೆಚ್ಚು ದುಡಿಮೆ ಕೊಡುವ ಭಾಗ, ಅನಲಾಗ್ ಸ್ಟಿಕ್, ಅಂದರೆ ಎಷ್ಟು ವಾಲಿಸಿದರೆ ಅಷ್ಟನ್ನು ಅಳೆಯುವ ಕಡ್ಡಿ. ಇದರ ಶ್ರೇಯವನ್ನು ಎಲ್ಲರೂ ನಿಂಟೆಂಡೊಗೆ ಕೊಡುತ್ತಾರೆ, 1996ರ ಜೂನ್‌ನಲ್ಲಿ ಬಂದ ನಿಂಟೆಂಡೊ 64 ನೆನೆದು. ಆದರೆ 1982ರಲ್ಲೇ ವೆಕ್ಟ್ರೆಕ್ಸ್ ಮತ್ತು ಅಟಾರಿ 5200 ಯಂತ್ರಗಳಲ್ಲಿ ಅನಲಾಗ್ ಹಿಡಿ ಇತ್ತು. ನಿಂಟೆಂಡೊ ಮಾಡಿದ ನಿಜವಾದ ಕೆಲಸ ಅದನ್ನು ಹೆಬ್ಬೆರಳಿನ ಅಳತೆಗೆ ತಂದು, ಮೂರು ಆಯಾಮದ ಆಟಗಳ ಜೊತೆ ಮುಖ್ಯ ಪ್ಯಾಡಿನಲ್ಲೇ ಇಟ್ಟದ್ದು. ಅದೇ ವರ್ಷ ಸೆಗಾ ಸ್ಯಾಟರ್ನ್‌ಗೆ ಅನಲಾಗ್ ಪ್ಯಾಡ್ ತಂದಿತು. 1997ರ ಏಪ್ರಿಲ್‌ನಲ್ಲಿ ಸೋನಿ ಎರಡು ಸ್ಟಿಕ್ಕಿನ ಪ್ಯಾಡ್ ಬಿಟ್ಟಿತು, ನವೆಂಬರ್‌ನಲ್ಲಿ ಡ್ಯುಯಲ್‌ಶಾಕ್.

ಮೂವರದ್ದೂ ಒಂದೇ ಐಡಿಯಾ, ಆದರೆ ಒಳಗೆ ಮೂರು ಬೇರೆ ಯಂತ್ರ. ನಿಂಟೆಂಡೊ 64ರಲ್ಲಿ ತೂತುಗಳಿರುವ ಸಣ್ಣ ಚಕ್ರಗಳು ತಿರುಗುತ್ತವೆ, ಬೆಳಕಿನ ಸಂವೇದಕ ಆ ತೂತುಗಳನ್ನು ಎಣಿಸುತ್ತದೆ. ಅದರಲ್ಲಿ ಕೆಡುವುದು ಎಲೆಕ್ಟ್ರಾನಿಕ್ಸ್ ಅಲ್ಲ. ಕಡ್ಡಿಯ ಬುಡ ಪ್ಲಾಸ್ಟಿಕ್ ಬಟ್ಟಲಿಗೆ ಉಜ್ಜಿ ಉಜ್ಜಿ ಬಿಳಿ ಪುಡಿಯಾಗುತ್ತದೆ, ಸ್ಟಿಕ್ ಸಡಿಲವಾಗಿ ಜೋತುಬೀಳುತ್ತದೆ. ಸೋನಿ ಹಿಡಿದದ್ದು ಪೊಟೆನ್ಷಿಯೊಮೀಟರ್ ದಾರಿ. ಇಂದಿನ ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್ ಪ್ಯಾಡಿನಲ್ಲೂ, ಸಾಮಾನ್ಯ ಎಕ್ಸ್‌ಬಾಕ್ಸ್ ಪ್ಯಾಡಿನಲ್ಲೂ ಅದೇ ಇದೆ: ಕಾರ್ಬನ್ ಪಟ್ಟಿಯ ಮೇಲೆ ಲೋಹದ ಕಾಲು ಜಾರುತ್ತದೆ, ಪಟ್ಟಿ ಸವೆದಾಗ ಸ್ಟಿಕ್ ಮುಟ್ಟದೆಯೇ ಪಾತ್ರ ಓಡತೊಡಗುತ್ತದೆ. ಇದನ್ನೇ ಡ್ರಿಫ್ಟ್ ಅನ್ನುವುದು. ಸೆಗಾ ಬಳಸಿದ್ದು ಅಯಸ್ಕಾಂತ ಮತ್ತು ಅದರ ಕ್ಷೇತ್ರವನ್ನು ಅಳೆಯುವ ಹಾಲ್ ಸಂವೇದಕ. ಅಳೆಯುವ ಜಾಗದಲ್ಲಿ ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಅಲ್ಲಿ ಸವೆತವೂ ಇಲ್ಲ. 1998ರ ಡ್ರೀಮ್‌ಕಾಸ್ಟ್ ಪ್ಯಾಡಿನಲ್ಲೂ ಸೆಗಾ ಅದನ್ನೇ ಮುಂದುವರಿಸಿತು. ಎಲ್ಲದರಲ್ಲೂ ಒಬ್ಬರ ಬೆನ್ನಿಗೆ ಒಬ್ಬರು ಬಿದ್ದಿದ್ದ ಈ ಕಂಪನಿಗಳು ನಕಲು ಮಾಡಲೇಬೇಕಾಗಿದ್ದ ಇದೊಂದನ್ನು ಬಿಟ್ಟುಬಿಟ್ಟವು ಅನ್ನುವುದು ನನಗೆ ಇವತ್ತಿಗೂ ಬೇಸರದ ಸಂಗತಿ. ಇಂದು ಹಾಲ್ ಸ್ಟಿಕ್ಕನ್ನು ಮತ್ತೆ ಜನರ ಕೈಗೆ ತಂದವರು ಗುಲಿಕಿಟ್‌ನಂಥ ಚೀನಾದ ಬಿಡಿಭಾಗ ತಯಾರಕರು.

ಡ್ರಿಫ್ಟ್ ರಿಪೇರಿಯ ಕ್ರಮ ಹೀಗಿಟ್ಟುಕೊಳ್ಳಿ. ಮೊದಲು ಪ್ಯಾಡನ್ನು ಕಂಪ್ಯೂಟರ್‌ಗೆ ಜೋಡಿಸಿ ಸ್ಟಿಕ್ ಬಿಟ್ಟಾಗ ಸಂಖ್ಯೆ ಎಷ್ಟಿದೆ ನೋಡಿ. ಸ್ಥಿರವಾಗಿ ಒಂದು ಕಡೆಗೆ ಸ್ವಲ್ಪ ವಾಲಿದ್ದರೆ ಮಧ್ಯಬಿಂದು ತಪ್ಪಿದೆ, ಹೊಂದಿಸಿದರೆ ಸಾಕಾಗಬಹುದು. ಸಂಖ್ಯೆ ನಡುಗುತ್ತಿದ್ದರೆ ಅಥವಾ ನಿಧಾನವಾಗಿ ಸರಿಸುವಾಗ ಹಾರಿ ಹಾರಿ ಹೋದರೆ ಪಟ್ಟಿ ಸವೆದಿದೆ. ಖಚಿತಪಡಿಸಿಕೊಳ್ಳಲು, ಪ್ಯಾಡ್ ಚಾಲೂ ಇರುವಾಗ ಪೊಟೆನ್ಷಿಯೊಮೀಟರಿನ ನಡುವಿನ ಕಾಲಿನ ವೋಲ್ಟೇಜ್ ಅಳೆಯಿರಿ. ಸ್ಟಿಕ್ ಬಿಟ್ಟಾಗ ಅದು ಹೊರಗಿನ ಎರಡು ಕಾಲುಗಳ ನಡುವಿನ ವೋಲ್ಟೇಜಿನ ಸುಮಾರು ಅರ್ಧ ಇರಬೇಕು. ಪಕ್ಕದ ಹಸಿರು ಮುಚ್ಚಳ ತೆಗೆದು ಆಲ್ಕೋಹಾಲ್‌ನಲ್ಲಿ ಒರೆಸಿದರೆ ಪುಡಿ ಹೋಗಿ ಕೆಲಕಾಲ ಸರಿಯಾಗುತ್ತದೆ. ಇದು ತಾತ್ಕಾಲಿಕ ಅಂತ ಗಿರಾಕಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅದೇ ಪ್ಯಾಡ್ ಅದೇ ದೂರಿನೊಂದಿಗೆ ವಾಪಸ್ ಬರುತ್ತದೆ.

ಪೂರ್ತಿ ಸ್ಟಿಕ್ ಬದಲಿಸುವುದಾದರೆ ಪ್ಲೇಸ್ಟೇಷನ್ 4ರ ಡ್ಯುಯಲ್‌ಶಾಕ್ 4 ಮತ್ತು ಡ್ಯುಯಲ್‌ಸೆನ್ಸ್‌ನಲ್ಲಿ ಒಂದು ಸ್ಟಿಕ್ಕಿಗೆ 14 ಬೆಸುಗೆ ಬಿಚ್ಚಬೇಕು: ಎರಡು ಪೊಟೆನ್ಷಿಯೊಮೀಟರಿಗೆ ಆರು, ಒತ್ತುವ ಸ್ವಿಚ್ಚಿಗೆ ನಾಲ್ಕು, ಲೋಹದ ಚೌಕಟ್ಟಿಗೆ ನಾಲ್ಕು. ಕಂಪನಿ ಬೆಸುಗೆ ಸೀಸವಿಲ್ಲದ್ದು, ಬೇಗ ಕರಗುವುದಿಲ್ಲ. ಪ್ರತಿ ಕಾಲಿಗೂ ಸೀಸದ ಬೆಸುಗೆ ಮತ್ತು ಫ್ಲಕ್ಸ್ ಸೇರಿಸಿ ಮೆತ್ತಗೆ ಮಾಡಿ, ಆಮೇಲೆ ಎಳೆಯಿರಿ. ಚೌಕಟ್ಟಿನ ಕಾಲುಗಳು ಬೋರ್ಡಿನ ಗ್ರೌಂಡಿಗೆ ಸೇರಿರುವುದರಿಂದ ಬಿಸಿ ಕುಡಿಯುತ್ತವೆ. ಅಲ್ಲಿ ಅವಸರಪಟ್ಟು ಸ್ಟಿಕ್ಕನ್ನು ಅಲುಗಾಡಿಸಿ ಕಿತ್ತರೆ ತೂತಿನ ಒಳಗಿನ ತಾಮ್ರವೇ ಎದ್ದು ಬರುತ್ತದೆ. ನಿಮ್ಮಲ್ಲಿ ಹಾಳಾಗುವ ಬೋರ್ಡುಗಳಲ್ಲಿ ಹೆಚ್ಚಿನವು ಈ ಹಂತದಲ್ಲೇ ಹಾಳಾಗುತ್ತಿರಬೇಕು. ಹೊಸದು ಕೂಡಿಸಿದ ಮೇಲೆ ಮಧ್ಯಬಿಂದು ಹೊಂದಿಸಲೇಬೇಕು, ಏಕೆಂದರೆ ಹಳೆಯ ಸ್ಟಿಕ್ಕಿನ ಲೆಕ್ಕ ಬೋರ್ಡಿನ ನೆನಪಿನಲ್ಲಿ ಉಳಿದಿರುತ್ತದೆ. ಯುಎಸ್‌ಬಿ ಕೇಬಲ್ ಹಾಕಿ ಬ್ರೌಸರ್‌ನಲ್ಲಿ ನಡೆಯುವ ಹೊಂದಾಣಿಕೆ ಸಾಧನಗಳಿವೆ. ಮೊದಲು ತಾತ್ಕಾಲಿಕವಾಗಿ ಉಳಿಸಿ, ಒಂದು ಆಟ ಆಡಿ ನೋಡಿ, ಆಮೇಲೆ ಶಾಶ್ವತವಾಗಿ ಬರೆಯಿರಿ. ಹಾಲ್ ಸ್ಟಿಕ್ ಹಾಕಿದರಂತೂ ಈ ಹೆಜ್ಜೆ ಬಿಡುವಂತೆಯೇ ಇಲ್ಲ.

ನಡುಕದ ಮೋಟಾರಿನ ವಿಷಯಕ್ಕೆ ಬಂದರೆ, ಇಲ್ಲಿ ನಕಲಿಗೆ ಬೆಲೆ ತೆತ್ತ ಕಥೆಯಿದೆ. ನಿಂಟೆಂಡೊ 1997ರ ಏಪ್ರಿಲ್‌ನಲ್ಲಿ ಪ್ಯಾಡಿಗೆ ಸಿಕ್ಕಿಸುವ ರಂಬಲ್ ಪ್ಯಾಕ್ ತಂದಿತು, ಎರಡು ಸಣ್ಣ ಎಎಎ ಸೆಲ್‌ಗಳಲ್ಲಿ ಓಡುತ್ತಿತ್ತು. ಅದೇ ವರ್ಷ ಸೋನಿ ಡ್ಯುಯಲ್‌ಶಾಕ್‌ನ ಒಳಗೇ ಎರಡು ಮೋಟಾರ್ ಕೂರಿಸಿತು, ಒಂದು ಭಾರದ್ದು, ಒಂದು ಹಗುರದ್ದು. ಸೋನಿಯನ್ನು ಕೋರ್ಟಿಗೆ ಎಳೆದದ್ದು ನಿಂಟೆಂಡೊ ಅಲ್ಲ, ಸ್ಪರ್ಶ ತಂತ್ರಜ್ಞಾನದ ಪೇಟೆಂಟ್‌ಗಳನ್ನು ಹೊಂದಿದ್ದ ಇಮ್ಮರ್ಷನ್ ಎಂಬ ಅಮೆರಿಕದ ಕಂಪನಿ. 2002ರಲ್ಲಿ ಅದು ಸೋನಿ, ಮೈಕ್ರೋಸಾಫ್ಟ್ ಇಬ್ಬರ ಮೇಲೂ ಕೇಸು ಹಾಕಿತು. ಮೈಕ್ರೋಸಾಫ್ಟ್ 2003ರಲ್ಲಿ ರಾಜಿ ಮಾಡಿಕೊಂಡಿತು. ಸೋನಿ ಹಟ ಹಿಡಿದು 2004ರಲ್ಲಿ ಜ್ಯೂರಿ ಮುಂದೆ ಸೋತಿತು, ತೀರ್ಪಿನ ಮೊತ್ತ 8.2 ಕೋಟಿ ಡಾಲರ್. ಕೊನೆಗೆ ರಾಜಿಯಾದದ್ದು 2007ರ ಮಾರ್ಚ್‌ನಲ್ಲಿ. ಈ ನಡುವೆ, 2006ರಲ್ಲಿ, ಪಿಎಸ್3 (ಪ್ಲೇಸ್ಟೇಷನ್ 3) ಜೊತೆ ಬಂದ ಸಿಕ್ಸಾಕ್ಸಿಸ್ ಪ್ಯಾಡಿನಲ್ಲಿ ನಡುಕವೇ ಇರಲಿಲ್ಲ. 2007ರ ನವೆಂಬರ್‌ನಲ್ಲಿ ಡ್ಯುಯಲ್‌ಶಾಕ್ 3 ಬಂದ ಮೇಲೆ ಮರಳಿತು. ನಿಮಗೆ ಇದು ಉಪಯೋಗಕ್ಕೆ ಬರುವ ಮಾಹಿತಿ: ‘ವೈಬ್ರೇಷನ್ ಇಲ್ಲ’ ಅಂತ ಹಳೆಯ ಪಿಎಸ್3 ಪ್ಯಾಡ್ ಬಂದರೆ ಬಿಚ್ಚುವ ಮೊದಲು ಮೇಲಂಚು ಓದಿ. ಬರಿ ಸಿಕ್ಸಾಕ್ಸಿಸ್ ಅಂತಿದ್ದು, ಕೈಗೆ ತೀರಾ ಹಗುರವಿದ್ದರೆ ಒಳಗೆ ಮೋಟಾರೇ ಇಲ್ಲ. ಮೋಟಾರ್ ಇರುವ ಪ್ಯಾಡಿನಲ್ಲಿ ಸಾಮಾನ್ಯವಾಗಿ ಕೆಡುವುದು ಬೋರ್ಡಿಗೆ ಬರುವ ತಂತಿಯ ಬೆಸುಗೆ, ಅಥವಾ ಬಿದ್ದಾಗ ಸ್ಥಾನ ತಪ್ಪಿ ಕವಚಕ್ಕೆ ತಾಗುವ ತೂಕದ ಬಿಲ್ಲೆ. ಒಂದೂವರೆ ವೋಲ್ಟ್ ಸೆಲ್ ನೇರ ಮುಟ್ಟಿಸಿದರೆ ಮೋಟಾರ್ ಬದುಕಿದೆಯೋ ಇಲ್ಲವೋ ತಿಳಿಯುತ್ತದೆ.

ಉಳಿದ ನಕಲುಗಳಿಗೆ ಹೆಚ್ಚು ಮಾತು ಬೇಡ. ಕೈ ಆಡಿಸಿ ಆಡುವ ಪ್ಯಾಡನ್ನು ನಿಂಟೆಂಡೊ ವೀ 2006ರಲ್ಲಿ ಮನೆಮಾತು ಮಾಡಿತು. 2010ರಲ್ಲಿ ಸೋನಿ ಮೂವ್ ತಂದಿತು, ಮೈಕ್ರೋಸಾಫ್ಟ್ ಪ್ಯಾಡನ್ನೇ ತೆಗೆದುಹಾಕಿ ಕೈನೆಕ್ಟ್ ಕ್ಯಾಮೆರಾ ತಂದಿತು. ಆಟದಲ್ಲಿನ ಸಾಧನೆಗೆ ಸಿಗುವ ಬಿರುದುಗಳು, ಅಂದರೆ ಎಕ್ಸ್‌ಬಾಕ್ಸ್ 360ರ ಅಚೀವ್‌ಮೆಂಟ್‌ಗಳು 2005ರಲ್ಲಿ, ಸೋನಿಯ ಟ್ರೋಫಿಗಳು 2008ರಲ್ಲಿ. ಆಟದ ದೃಶ್ಯ ಹಂಚಿಕೊಳ್ಳುವ ಪಿಎಸ್4ರ ಶೇರ್ ಬಟನ್ 2013ರಲ್ಲಿ, ಎಕ್ಸ್‌ಬಾಕ್ಸ್ ಪ್ಯಾಡಿಗೆ ಅದೇ ಬಟನ್ 2020ರಲ್ಲಿ.

ನಿಮ್ಮ ‘ದೊಡ್ಡವರು, ಚಿಕ್ಕವರು’ ಪ್ರಶ್ನೆಗೆ ಸರಿಯಾದ ಉತ್ತರ 1992ರ ಎರಡು ಅಮೆರಿಕನ್ ತೀರ್ಪುಗಳಲ್ಲಿದೆ. ನಿಂಟೆಂಡೊ ಕನ್ಸೋಲಿನಲ್ಲಿ ಅನುಮತಿ ಇಲ್ಲದ ಕ್ಯಾಟ್ರಿಜ್ (ಆಟವಿರುವ, ಯಂತ್ರಕ್ಕೆ ಸಿಕ್ಕಿಸುವ ಡಬ್ಬಿ) ಓಡದಂತೆ ಒಂದು ಬೀಗದ ಚಿಪ್ ಇತ್ತು. ಅಟಾರಿ ಗೇಮ್ಸ್ ಅದನ್ನು ದಾಟಲು ಕಾಪಿರೈಟ್ ಕಚೇರಿಯಿಂದ ನಿಂಟೆಂಡೊ ಕೋಡಿನ ಪ್ರತಿಯನ್ನು ಸುಳ್ಳು ಕಾರಣ ಹೇಳಿ ಪಡೆಯಿತು, ಕೋರ್ಟಿನಲ್ಲಿ ಹಿನ್ನಡೆ ಅನುಭವಿಸಿತು. ಅಕೋಲೇಡ್ ಎಂಬ ಅದಕ್ಕಿಂತ ಸಣ್ಣ ಕಂಪನಿ ಸೆಗಾದ ಕ್ಯಾಟ್ರಿಜ್‌ಗಳನ್ನು ಅಂಗಡಿಯಿಂದ ಕೊಂಡು, ಕೋಡ್ ಬಿಡಿಸಿ, ಕನ್ಸೋಲ್ ಏನು ಕೇಳುತ್ತದೆಂದು ಅರಿತು ತನ್ನ ಆಟಗಳನ್ನು ತಾನೇ ಬರೆಯಿತು. ಹೀಗೆ ಬಿಡಿಸಿ ನೋಡುವುದು ನ್ಯಾಯಯುತ ಬಳಕೆ ಎಂದು ಮೇಲ್ಮನವಿ ಕೋರ್ಟು ಹೇಳಿತು. ಗಾತ್ರ ಲೆಕ್ಕಕ್ಕೆ ಬರಲಿಲ್ಲ. ಬಿಡಿಸಿ ಕಲಿತು ಸ್ವಂತ ಬರೆದದ್ದೋ, ಇದ್ದದ್ದನ್ನೇ ಎತ್ತಿದ್ದೋ ಅನ್ನುವುದು ಲೆಕ್ಕಕ್ಕೆ ಬಂತು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲೂ ಬೇರೆ ಪ್ರೋಗ್ರಾಂಗಳ ಜೊತೆ ಹೊಂದಿಕೊಂಡು ಕೆಲಸ ಮಾಡಲು ಬೇಕಾದ ಮಾಹಿತಿಗಾಗಿ ಪ್ರೋಗ್ರಾಂ ಬಿಡಿಸಿ ನೋಡಲು ಅವಕಾಶವಿದೆ. ಪೇಟೆಂಟಿನ ಅವಧಿ ಇಲ್ಲಿ 20 ವರ್ಷ.

ಹಳೆಯ ‘ಟಿವಿ ಗೇಮ್’ ಪೆಟ್ಟಿಗೆಗಳು ಈಗಲೂ ನಿಮ್ಮಲ್ಲಿಗೆ ಬರಬಹುದು. ಅವು ಫ್ಯಾಮಿಕಾಮ್‌ನ ತದ್ರೂಪುಗಳು. ಕ್ಯಾಟ್ರಿಜ್ ಕೂಡ ಅದೇ 60 ಪಿನ್ನಿನದ್ದು. ಮೊದಲಿನವುಗಳಲ್ಲಿ ತೈವಾನಿನ ಯುಎಂಸಿಯಂಥ ಕಂಪನಿಗಳ ಚಿಪ್ಪುಗಳು, ನಂತರದವುಗಳಲ್ಲಿ ಇಡೀ ಕನ್ಸೋಲೇ ಒಂದು ಕರಿ ಎಪಾಕ್ಸಿ ಗುಳಿಗೆಯೊಳಗೆ. ಕೆಲವು ತದ್ರೂಪು ಚಿಪ್ಪುಗಳಲ್ಲಿ ಧ್ವನಿಯ ಎರಡು ಅಲೆರೂಪಗಳು ಅದಲುಬದಲಾಗಿವೆ, ಹಾಗಾಗಿ ಪರಿಚಿತ ಸಂಗೀತ ಬೇರೆ ದನಿಯಲ್ಲಿ ಕೇಳುತ್ತದೆ. ಅದು ದೋಷವೆಂದು ಸ್ಪೀಕರ್, ಕೆಪಾಸಿಟರ್ ಬದಲಿಸಲು ಹೋಗಬೇಡಿ. ಅಡಾಪ್ಟರ್ ಚುಚ್ಚುವ ಮೊದಲು ಧನ ಋಣ ಮೀಟರಿನಲ್ಲಿ ನೋಡಿಕೊಳ್ಳಿ. ಒಂದೊಂದು ಪೆಟ್ಟಿಗೆಯಲ್ಲಿ ಒಂದೊಂದು ಥರ ಇರುತ್ತದೆ, ತಿರುವಿದರೆ 7805 ರೆಗ್ಯುಲೇಟರ್ ಸುಟ್ಟುಹೋಗುವ ಸಾಧ್ಯತೆಯಿದೆ.

ಇನ್ನು ನಿಮ್ಮ ವ್ಯಾಪಾರದ ಮಾತು. ಗಿರಾಕಿಯ ಸ್ವಂತ ಪ್ಯಾಡಿಗೆ ಬೇರೆ ತಯಾರಕರ ಸ್ಟಿಕ್, ರಬ್ಬರ್, ಬ್ಯಾಟರಿ ಹಾಕಿಕೊಡುವುದು ಮಾಮೂಲಿ ರಿಪೇರಿ. ಬಿಲ್ಲಿನಲ್ಲಿ ‘ಕಂಪನಿಯದ್ದಲ್ಲದ ಭಾಗ’ ಎಂದು ಸ್ಪಷ್ಟವಾಗಿ ಬರೆಯಿರಿ. ಸೋನಿ, ಎಕ್ಸ್‌ಬಾಕ್ಸ್ ಗುರುತು ಒತ್ತಿದ ಸುಳ್ಳು ಕವಚ, ಸುಳ್ಳು ಪ್ಯಾಡ್ ಮಾತ್ರ ಅಂಗಡಿಯಲ್ಲಿ ಇಡಬೇಡಿ. ಅದು ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ಕ್ರಿಮಿನಲ್ ಅಪರಾಧ, ಮಾರಿದವನಿಗೂ ಶಿಕ್ಷೆ ಇದೆ. ಬ್ಯಾಟರಿ ಕೊಳ್ಳುವಾಗ ಅಳತೆ ನೆನಪಿರಲಿ: ಡ್ಯುಯಲ್‌ಶಾಕ್ 4ರದ್ದು 1000 ಎಂಎಎಚ್, ಡ್ಯುಯಲ್‌ಸೆನ್ಸ್‌ನದ್ದು 1560. ಅದೇ ಗಾತ್ರದಲ್ಲಿ 3000 ಎಂದು ಬರೆದಿದ್ದರೆ ಅದು ಸುಳ್ಳು, ಅಂಥ ಸೆಲ್‌ನ ರಕ್ಷಣಾ ಸರ್ಕ್ಯೂಟನ್ನೂ ನಂಬಬೇಡಿ.

‘ಹತ್ತು ಸಾವಿರ ಗೇಮ್’ ಸ್ಟಿಕ್ ವಿಷಯದಲ್ಲಿ ಯಂತ್ರವನ್ನೂ ಕಾರ್ಡನ್ನೂ ಬೇರೆ ಬೇರೆ ಮಾಡಿ ನೋಡಿ. ಒಳಗಿರುವ ಎಮ್ಯುಲೇಟರ್, ಅಂದರೆ ಬೇರೊಂದು ಕನ್ಸೋಲಿನಂತೆ ನಡೆದುಕೊಳ್ಳುವ ಪ್ರೋಗ್ರಾಂ, ತತ್ವದಲ್ಲಿ ತಪ್ಪಲ್ಲ. ಪ್ಲೇಸ್ಟೇಷನ್ ಎಮ್ಯುಲೇಟರ್ ಮಾಡಿದ ಕನೆಕ್ಟಿಕ್ಸ್ ವಿರುದ್ಧ ಸೋನಿ ಹೂಡಿದ ಕೇಸಿನಲ್ಲಿ 2000ದಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು ಕನೆಕ್ಟಿಕ್ಸ್ ಪರ ನಿಂತಿತು. ತೊಂದರೆ ಇರುವುದು ಕಾರ್ಡಿನಲ್ಲಿ ತುಂಬಿದ ಆಟಗಳಲ್ಲಿ. ಅವು ಅನುಮತಿ ಇಲ್ಲದ ಪ್ರತಿಗಳು. ಕಾಪಿರೈಟ್ ಕಾಯ್ದೆಯ 63ನೇ ಕಲಮಿನಂತೆ ಇದಕ್ಕೆ 6 ತಿಂಗಳಿಂದ 3 ವರ್ಷ ಸೆರೆ, 50,000ದಿಂದ 2 ಲಕ್ಷ ರೂಪಾಯಿ ದಂಡ. ಆಟ ಹಳೆಯದು ಅನ್ನುವುದು ರಕ್ಷಣೆಯಲ್ಲ, ಕಾಪಿರೈಟ್ ಪೇಟೆಂಟಿಗಿಂತ ಬಹಳ ದೀರ್ಘ ಕಾಲ ಉಳಿಯುತ್ತದೆ. ಪೆಟ್ಟಿಗೆಯ ಮೇಲಿನ ‘4ಕೆ’ ಬರಹವನ್ನು ನಂಬಿ ಗಿರಾಕಿಗೆ ಮಾತು ಕೊಡಬೇಡಿ. ಒಳಗಿನ ಹಳೆಯ ಆಟಗಳ ಚಿತ್ರ ಸಣ್ಣದು, ಅದನ್ನು ಟಿವಿ ಅಳತೆಗೆ ಹಿಗ್ಗಿಸಿ ತೋರಿಸುತ್ತಾರೆ ಅಷ್ಟೆ. ಅದರ ಜೊತೆ ಬರುವ ಪ್ಯಾಡಿನಲ್ಲಿ ನಡುವಿನ ಗುಬುಟಿನ ದೋಷ, ಮೆಮೊರಿ ಕಾರ್ಡ್ ಬೇಗ ಸಾಯುವುದು, ಎರಡೂ ದೂರುಗಳು ನಿಮ್ಮ ಬಾಗಿಲಿಗೇ ಬರುತ್ತವೆ. ಅದನ್ನು ಮಾರುವ ಬದಲು ಬ್ರ್ಯಾಂಡ್ ಗುರುತನ್ನು ಕದಿಯದ, ತನ್ನದೇ ಹೆಸರಿನಲ್ಲಿ ಬರುವ ಹಾಲ್ ಸ್ಟಿಕ್ ಪ್ಯಾಡ್‌ಗಳನ್ನು ಒಂದೆರಡು ಇಟ್ಟುಕೊಳ್ಳಿ, ಮತ್ತು ಸ್ಟಿಕ್ ಬದಲಿಸುವ ಕೆಲಸಕ್ಕೆ ಒಂದು ಒಳ್ಳೆಯ ಡಿಸೋಲ್ಡರಿಂಗ್ ಗನ್ ಕೊಳ್ಳಿ. ಬೋರ್ಡುಗಳು ಕೆಡುವುದು ನಿಂತರೆ ಅದರ ದುಡ್ಡು ತಾನಾಗಿಯೇ ಹುಟ್ಟುತ್ತದೆ.